ಹಳೇ ಚೇತಕ್‌ನ ಗೇರ್ ಕೇಬಲ್ ಜಾಮ್ ಆಗಿದೆಯೇ? ಇಂಜಿನ್ ಇಳಿಸುವ ಮೊದಲು ಇದನ್ನು ಓದಿ

ಹಳೇ ಬಜಾಜ್ ಚೇತಕ್ ಒಂದನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೋಗಿ "ಗೇರ್ ತಿರುಗ್ತಾ ಇಲ್ಲ" ಅಂದರೆ ಬರುವ ಉತ್ತರ ಹೆಚ್ಚಾಗಿ ಒಂದೇ: "ಗೇರ್ ಬಾಕ್ಸ್ ಹೋಗಿದೆ ಸಾರ್, ಇಂಜಿನ್ ಇಳಿಸ್ಬೇಕು." ಇಳಿಸೋಣ, ಆದರೆ ಸ್ವಲ್ಪ ತಡೆಯಿರಿ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಗಾಡಿಯಲ್ಲಿ ಗೇರ್ ಬಿಗಿಯಾಗಿದೆ ಎಂದರೆ ಮೊದಲು ಅನುಮಾನ ಪಡಬೇಕಾದ್ದು ಕೇಬಲ್ ಮೇಲೆ. ಕೇಬಲ್ ಅಗ್ಗದ ವಸ್ತು. ಇಂಜಿನ್ ಕೆಲಸ ಅಗ್ಗದ್ದಲ್ಲ.

ಅಪ್ಪನ ಕಾಲದ ಚೇತಕ್ ಅನ್ನು ಮತ್ತೆ ರಸ್ತೆಗೆ ತರುವ ಆಸೆ ಈಗ ಬಹಳ ಜನಕ್ಕೆ ಬಂದಿದೆ. ಅಂಥವರಿಗಾಗಿ ಇದನ್ನು ಬರೆದಿದ್ದೇನೆ. ಬಜಾಜ್ ಸೂಪರ್, ಎಲ್‌ಎಂಎಲ್ ವೆಸ್ಪಾ ಇಟ್ಟುಕೊಂಡವರಿಗೂ ಬಹುಪಾಲು ಹೊಂದುತ್ತದೆ. ಲ್ಯಾಂಬ್ರೆಟಾ, ವಿಜಯ್ ಸೂಪರ್‌ಗಳಲ್ಲೂ ಎರಡು ಗೇರ್ ಕೇಬಲ್‌ಗಳೇ ಇರುತ್ತವೆ. ಆದರೆ ಅವುಗಳ ಇಂಜಿನ್ ಬದಿಯ ಜೋಡಣೆ ಬೇರೆ. ಅವರು ಪತ್ತೆ ಮಾಡುವ ಕ್ರಮವನ್ನು ಇಲ್ಲಿಂದ ತೆಗೆದುಕೊಂಡರೆ ಸಾಕು.

ಕೈಯಿಂದ ಗೇರಿನವರೆಗೆ ಏನೇನಿದೆ?

ಎಡಗೈ ಹಿಡಿಯನ್ನು ತಿರುಗಿಸಿ ಗೇರ್ ಹಾಕುವ ಈ ಪದ್ಧತಿ ವೆಸ್ಪಾ ಸ್ಕೂಟರ್‌ನಿಂದ ಬಂದದ್ದು. 1946ರಲ್ಲಿ ಮಾರುಕಟ್ಟೆಗೆ ಬಂದ ವೆಸ್ಪಾವನ್ನು ಇಟಲಿಯ ಪಿಯಾಜಿಯೊ ಕಂಪನಿಗೆ ರೂಪಿಸಿದ ಕೊರಾಡಿನೊ ಡಿ'ಅಸ್ಕಾನಿಯೊ ಮೂಲತಃ ವಿಮಾನದ ಎಂಜಿನಿಯರ್. ಗೇರನ್ನು ಕಾಲಿನಿಂದ ಬಿಡಿಸಿ ಕೈಗೆ ತಂದರು. ಮೊದಮೊದಲ ವೆಸ್ಪಾಗಳಲ್ಲಿ ಹಿಡಿಯಿಂದ ಇಂಜಿನ್‌ವರೆಗೆ ಕಬ್ಬಿಣದ ರಾಡ್‌ಗಳಿದ್ದವು, ಕೇಬಲ್ ಬಂದದ್ದು ಆಮೇಲೆ. ಬಜಾಜ್ ಕಂಪನಿ ಪಿಯಾಜಿಯೊ ಲೈಸೆನ್ಸಿನಲ್ಲಿ ಸ್ಕೂಟರ್ ಮಾಡಲು ಶುರುಮಾಡಿ, ಆ ಒಪ್ಪಂದ ಮುಗಿದ ಮೇಲೆ 1972ರಲ್ಲಿ ತನ್ನದೇ ಹೆಸರಿನ ಚೇತಕ್ ಹೊರತಂದಿತು. ಒಳಗಿನ ಗೇರ್ ವ್ಯವಸ್ಥೆ ಮಾತ್ರ ಅದೇ ವೆಸ್ಪಾ ವಂಶದ್ದು.

ನಿಮ್ಮ ಕೈ ಮತ್ತು ಗೇರಿನ ನಡುವೆ ಮೂರು ಜಾಗಗಳಿವೆ. ಒಂದು, ಹಿಡಿಯ ಪೈಪು ಮತ್ತು ಅದರ ಒಳತುದಿಯಲ್ಲಿ ಹ್ಯಾಂಡಲ್ ಹೆಡ್ ಒಳಗೆ ಕೂತಿರುವ ಪುಲ್ಲಿ. ಎರಡು, ಆ ಪುಲ್ಲಿಯಿಂದ ಹೊರಟು ಬಾಡಿಯ ಹೊಟ್ಟೆಯೊಳಗೆ ಹಾದು ಹಿಂದೆ ಹೋಗುವ ಎರಡು ಕೇಬಲ್. ಮೂರು, ಇಂಜಿನ್ ತಳದಲ್ಲಿದ್ದು ಕೇಬಲ್ ಎಳೆದ ಹಾಗೆ ಗೇರ್ ಬದಲಿಸುವ ಸೆಲೆಕ್ಟರ್ ಬಾಕ್ಸ್. ಒಂದು ಕೇಬಲ್ ಒಂದನೇ ಗೇರಿನ ಕಡೆ ಎಳೆಯುತ್ತದೆ, ಇನ್ನೊಂದು ನಾಲ್ಕನೇ ಗೇರಿನ ಕಡೆ. ಒಂದು ಎಳೆದಾಗ ಇನ್ನೊಂದು ಬಿಟ್ಟುಕೊಡಬೇಕು. ಹಾಗಾಗಿ ಎರಡರಲ್ಲಿ ಒಂದು ಕೇಬಲ್ ಹಿಡಿದುಕೊಂಡರೂ ಸಾಕು, ಎರಡೂ ದಿಕ್ಕಿಗೆ ಹಿಡಿ ಬಿಗಿಯಾಗುತ್ತದೆ. ಇದು ಗೊತ್ತಿಲ್ಲದೆ "ಎರಡೂ ಕೇಬಲ್ ಹೋಗಿದೆ" ಎಂದುಕೊಳ್ಳುವವರೇ ಜಾಸ್ತಿ.

ಮೊದಲು ಪತ್ತೆ, ಆಮೇಲೆ ಸ್ಪ್ಯಾನರ್

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದ ಭಾಗ ಇದೇ. ಕೇಬಲ್ ಹಾಕುವುದು ಕೈಗೆಲಸ, ಒಂದೆರಡು ಸಲ ಮಾಡಿದರೆ ಬರುತ್ತದೆ. ಮೂರು ಜಾಗಗಳಲ್ಲಿ ಜಾಮ್ ಆಗಿರುವುದು ಯಾವುದು ಎಂದು ನೋಡದೆ ಕೇಬಲ್ ಕತ್ತರಿಸಿದರೆ, ಹೊಸ ಕೇಬಲ್ ಹಾಕಿದ ಮೇಲೂ ಹಿಡಿ ಅಷ್ಟೇ ಬಿಗಿ ಇರುತ್ತದೆ.

ಇಂಜಿನ್ ಆಫ್ ಇರಲಿ. ಸ್ಕೂಟರ್ ಅನ್ನು ನಿಧಾನಕ್ಕೆ ಹಿಂದೆ ಮುಂದೆ ತಳ್ಳುತ್ತಾ, ಕ್ಲಚ್ ಹಿಡಿದು ಗೇರ್ ಬದಲಿಸಿ ನೋಡಿ. ನಿಂತಲ್ಲೇ ತಿರುಗಿಸಿದರೆ ಒಳಗಿನ ಹಲ್ಲುಗಳು ಎದುರುಬದುರಾಗಿ, ಎಲ್ಲ ಸರಿ ಇದ್ದರೂ ಗೇರ್ ಬೀಳುವುದಿಲ್ಲ. ಅದಕ್ಕೇ ಚಕ್ರ ಉರುಳುತ್ತಿರಬೇಕು. ಹೀಗೆ ಆಫ್ ಇದ್ದಾಗ ಗೇರ್ ಸಲೀಸಾಗಿ ಬಿದ್ದು, ಇಂಜಿನ್ ಸ್ಟಾರ್ಟ್ ಆದಾಗ ಮಾತ್ರ ಕಿರ್ರ್ ಎಂದು ಒದ್ದಾಡಿದರೆ ಗೇರ್ ಕೇಬಲ್‌ನದು ತಪ್ಪಿಲ್ಲ. ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಮೊದಲು ಕ್ಲಚ್ ಕೇಬಲ್ ಅಡ್ಜಸ್ಟ್ ಮಾಡಿ ನೋಡಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಆಫ್ ಇದ್ದಾಗಲೂ ಬಿಗಿಯೇ? ಹಾಗಾದರೆ ಕೆಳಗೆ ಬಗ್ಗಿ. ಇಂಜಿನ್ ತಳದಲ್ಲಿ ಎರಡು ತೆಳ್ಳಗಿನ ಕೇಬಲ್ ಅಕ್ಕಪಕ್ಕ ಹೋಗುತ್ತಿರುತ್ತವೆ. ಅವುಗಳ ಜಾಡು ಹಿಡಿದು ಹೋದರೆ ಸೆಲೆಕ್ಟರ್ ಸಿಗುತ್ತದೆ. ಮುಚ್ಚಳ ಇದ್ದರೆ ಬಿಚ್ಚಿ. ಹಳೇ ಗಾಡಿಗಳಲ್ಲಿ ಬಹಳ ಸಲ ಅದು ಇರುವುದೇ ಇಲ್ಲ. ಹಿಂದೆ ಯಾರೋ ಬಿಚ್ಚಿದವರು ಮತ್ತೆ ಹಾಕುವ ಗೋಜಿಗೆ ಹೋಗಿರುವುದಿಲ್ಲ. ಅಲ್ಲಿಂದ ಸೀದಾ ಕೆಸರು ಒಳಗೆ ನುಗ್ಗಿರುತ್ತದೆ.

ಕೇಬಲ್ ತುದಿಯನ್ನು ಹಿಡಿದಿರುವ ಸಣ್ಣ ಬೋಲ್ಟುಗಳನ್ನು ಸಡಿಲ ಮಾಡಿ ಎರಡೂ ತಂತಿಗಳನ್ನು ಸೆಲೆಕ್ಟರ್‌ನಿಂದ ಬಿಡಿಸಿ. ಈಗ ಮೂರನ್ನೂ ಬೇರೆ ಬೇರೆಯಾಗಿ ನೋಡಬಹುದು.

ಕೇಬಲ್‌ಗಳು ಎಳೆಯುವ ಸೆಲೆಕ್ಟರ್ ತೋಳನ್ನು ಕೈಯಿಂದ ಅಥವಾ ಪ್ಲೇಯರ್‌ನಿಂದ ಆಡಿಸಿ, ಜೊತೆಗೆ ಇನ್ನೊಬ್ಬರು ಹಿಂದಿನ ಚಕ್ರ ತಿರುಗಿಸಲಿ. ಟಕ್, ಟಕ್ ಎಂದು ಗೇರ್‌ಗಳು ಒಂದೊಂದಾಗಿ ಬೀಳಬೇಕು. ಬಿದ್ದರೆ ಗೇರ್ ಬಾಕ್ಸ್ ಆರೋಗ್ಯವಾಗಿದೆ, ಇಂಜಿನ್ ಇಳಿಸುವ ಮಾತು ಅಲ್ಲಿಗೆ ಬಿಡಿ. ಆಮೇಲೆ ಕೆಳಗೆ ಸಡಿಲವಾಗಿರುವ ಒಂದೊಂದೇ ತಂತಿಯನ್ನು ಪ್ಲೇಯರ್‌ನಿಂದ ಹಿಡಿದು ಎಳೆಯಿರಿ, ಇನ್ನೊಬ್ಬರು ಮೇಲೆ ಹಿಡಿಯನ್ನು ತಿರುಗಿಸಲಿ. ಯಾವುದು ಬರುವುದಿಲ್ಲವೋ ಅದೇ ಜಾಮ್ ಆದದ್ದು. ಎರಡೂ ತಂತಿ ಬರುತ್ತಿವೆ, ಆದರೂ ಹಿಡಿ ಬಿಗಿ ಎಂದಾದರೆ ತಪ್ಪು ಹಿಡಿಯ ಪೈಪಿನದು. ಹೊರಗಿನ ಕಬ್ಬಿಣದ ಪೈಪು ಹ್ಯಾಂಡಲ್‌ನ ಅಲ್ಯೂಮಿನಿಯಂ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ.

ಇನ್ನೊಂದು ದೂರು ಇದರ ಜೊತೆ ಬೆರೆತುಹೋಗುತ್ತದೆ: ಓಡಿಸುವಾಗ ಗೇರ್ ತಾನಾಗಿ ಹಾರಿಹೋಗುವುದು. ಅದು ಕೇಬಲ್ ಜಾಮ್ ಅಲ್ಲ. ಕೇಬಲ್ ಸಡಿಲ ಇರಬಹುದು, ಇಲ್ಲವೇ ಒಳಗಿನ ಗೇರ್ ಕ್ರಾಸ್ ಸವೆದಿರಬಹುದು. ಈ ಕ್ರಾಸ್ ಎಂಬ ಪುಟ್ಟ ಭಾಗವೇ ಗೇರ್ ಚಕ್ರದೊಳಗೆ ಕೂತು ಅದನ್ನು ಹಿಡಿಯುವುದು. ಕೇಬಲ್ ಸಡಿಲ ಇದ್ದು ಕ್ರಾಸ್ ಅರ್ಧಂಬರ್ಧ ಕೂತರೆ ಅದರ ಮೂಲೆಗಳು ಸವೆಯುತ್ತವೆ. ಆಮೇಲೆ ನಿಜವಾಗಿಯೂ ಇಂಜಿನ್ ಇಳಿಸಬೇಕಾಗುತ್ತದೆ. ಸಡಿಲ ಕೇಬಲ್ ಅನ್ನು "ನಡೀತಾ ಇದೆಯಲ್ಲ" ಎಂದು ಬಿಡಬೇಡಿ ಎನ್ನುವುದು ಇದಕ್ಕೇ.

ತುಕ್ಕು ಹಿಡಿಯುವುದು ಎಲ್ಲಿ?

ಬಹಳ ಜನ ಕೇಬಲ್‌ನ ಎರಡು ತುದಿ ನೋಡಿ "ಚೆನ್ನಾಗೇ ಇದೆಯಲ್ಲ" ಅನ್ನುತ್ತಾರೆ. ತುದಿಗಳು ಚೆನ್ನಾಗಿರುತ್ತವೆ. ಕೇಬಲ್ ಹ್ಯಾಂಡಲ್‌ನಿಂದ ಇಳಿದು, ಕಾಲಿಡುವ ಜಾಗದ ಕೆಳಗೆ ಮಲಗಿ, ಮತ್ತೆ ಹಿಂದಕ್ಕೆ ಹೋಗುತ್ತದೆ. ಮೇಲಿನಿಂದ ಔಟರ್ (ಕೇಬಲ್‌ನ ಹೊರಗಿನ ಕೊಳವೆ) ಒಳಗೆ ಇಳಿದ ಮಳೆನೀರು ನಿಲ್ಲುವುದು ಆ ಮಲಗಿದ ಭಾಗದಲ್ಲಿ. ಮಲೆನಾಡಿನ ಗಾಡಿಗಳಲ್ಲಿ, ಉಪ್ಪುಗಾಳಿಯ ಮಂಗಳೂರು ಕಾರವಾರದ ಗಾಡಿಗಳಲ್ಲಿ ಈ ಭಾಗದ ಇನ್ನರ್ (ಒಳಗಿನ ತಂತಿ) ಎಳೆದಾಗ ಮೆಣಸಿನ ಪುಡಿಯಂಥ ಕೆಂಪು ಪುಡಿ ಉದುರುತ್ತದೆ.

ಎರಡನೇ ಜಾಗ ಇಂಜಿನ್ ಬಾಡಿಗೆ ಸೇರುವ ಕಡೆ. ಈ ಸ್ಕೂಟರ್‌ಗಳಲ್ಲಿ ಹಿಂದಿನ ಚಕ್ರದ ಜೊತೆ ಇಡೀ ಇಂಜಿನ್ನೇ ಮೇಲೆ ಕೆಳಗೆ ಆಡುತ್ತದೆ. ಪ್ರತಿ ಹಳ್ಳಕ್ಕೂ ಕೇಬಲ್ ಅಲ್ಲಿ ಒಮ್ಮೆ ಬಾಗುತ್ತದೆ. ಅದಕ್ಕೇ ಅಲ್ಲಿ ಔಟರ್‌ಗೆ ಸ್ವಲ್ಪ ಸಡಿಲ ಬಳುಕು ಬಿಟ್ಟಿರಬೇಕು. ಬಿಗಿಯಾಗಿ ಎಳೆದು ಕಟ್ಟಿದ್ದರೆ ಔಟರ್ ಚಪ್ಪಟೆಯಾಗಿ ಇನ್ನರ್ ಅನ್ನು ಹಿಸುಕುತ್ತದೆ.

ಏನೇನು ಬೇಕು

ಸಣ್ಣ ಸ್ಪ್ಯಾನರ್‌ಗಳ ಒಂದು ಸೆಟ್, ಸ್ಕ್ರೂಡ್ರೈವರ್, ಎರಡು ಪ್ಲೇಯರ್, ಹರಿತವಾದ ವೈರ್ ಕಟರ್. ಇನ್ಸುಲೇಷನ್ ಟೇಪ್, ಗ್ರೀಸ್, ತೆಳುವಾದ ಎಣ್ಣೆ, ಒಂದು ಮೊಳೆ, ಎಮರಿ ಪೇಪರ್, ಹಳೇ ಬಟ್ಟೆ. ಕಟರ್ ಬಗ್ಗೆ ಜಿಪುಣತನ ಬೇಡ. ಮೊಂಡು ಕಟರ್‌ನಿಂದ ಕತ್ತರಿಸಿದರೆ ತಂತಿಯ ತುದಿ ಪೊರಕೆಯಾಗಿ ಅರಳುತ್ತದೆ, ಆಮೇಲೆ ಅದು ಯಾವ ತೂತಿನೊಳಗೂ ಹೋಗುವುದಿಲ್ಲ.

ಹೊಸ ಇನ್ನರ್ ಎರಡು, ಔಟರ್ ಬದಲಿಸುವುದಾದರೆ ಔಟರ್ ಎರಡು, ತುದಿ ಹಿಡಿಯುವ ಬೋಲ್ಟು ನಿಪ್ಪಲ್ ಎರಡು ತನ್ನಿ. ನಿಪ್ಪಲ್ ಹಳೆಯದನ್ನೇ ಹಾಕೋಣ ಅನಿಸುತ್ತದೆ, ಆದರೆ ಹಳೆಯದರ ಥ್ರೆಡ್ ಬಹಳ ಸಲ ಸವೆದಿರುತ್ತದೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಬೇರೆ ಊರುಗಳಲ್ಲೂ ಹಳೇ ಸ್ಪೇರ್ ಅಂಗಡಿಗಳಲ್ಲಿ ಸಿಗುತ್ತದೆ. ಕೇಳುವಾಗ "ಹಳೇ ಟೂ ಸ್ಟ್ರೋಕ್ ಚೇತಕ್" ಎಂದೇ ಕೇಳಿ. 2020ರಿಂದ ಬಂದಿರುವ ಎಲೆಕ್ಟ್ರಿಕ್ ಚೇತಕ್‌ಗೆ ಗೇರೂ ಇಲ್ಲ, ಗೇರ್ ಕೇಬಲ್ಲೂ ಇಲ್ಲ. ಸಾಧ್ಯವಾದರೆ ಹಳೇ ಕೇಬಲ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಗೇರ್ ಇನ್ನರ್ ಕ್ಲಚ್ ಇನ್ನರ್‌ಗಿಂತ ತೆಳ್ಳಗೆ. ಅಂಗಡಿಯವರು ಅವಸರದಲ್ಲಿ ಅದಲುಬದಲು ಕೊಟ್ಟರೆ ಔಟರ್ ಒಳಗೆ ಸಿಕ್ಕಿಕೊಳ್ಳುತ್ತದೆ.

ನೈಲಾನ್ ಲೈನಿಂಗ್ ಇರುವ ಔಟರ್ ಸಿಕ್ಕರೆ ಅದನ್ನೇ ತನ್ನಿ, ತಿರುವು ಹಗುರ. ಅದಕ್ಕೆ ಗ್ರೀಸ್ ತುಂಬಬೇಡಿ. ಗ್ರೀಸ್ ಧೂಳು ಹಿಡಿದು ಅಂಟಾಗುತ್ತದೆ. ಒಂದೆರಡು ಹನಿ ತೆಳು ಎಣ್ಣೆ ಸಾಕು. ಲೈನಿಂಗ್ ಇಲ್ಲದ ಹಳೇ ಮಾದರಿಯ ಬರಿಯ ಸ್ಪ್ರಿಂಗ್ ಔಟರ್‌ಗೆ ಮಾತ್ರ ಗ್ರೀಸ್ ಬೇಕೇ ಬೇಕು.

ಬಿಚ್ಚುವುದು

ಪೆಟ್ರೋಲ್ ಕಾಕ್ ಬಂದ್ ಮಾಡಿ. ಗಾಡಿಯನ್ನು ಮೇನ್ ಸ್ಟಾಂಡ್ ಮೇಲೆ ಹಾಕಿ, ಸ್ಟಾಂಡ್ ಕೆಳಗೆ ಗಟ್ಟಿಯಾದ ಹಲಗೆ ಕೊಟ್ಟು ಸ್ವಲ್ಪ ಎತ್ತರ ಮಾಡಿಕೊಳ್ಳಿ. ಸೊಂಟಕ್ಕೆ ಆರಾಮ. ಕೆಲವರು ಗಾಡಿಯನ್ನೇ ಮಲಗಿಸಿಬಿಡುತ್ತಾರೆ. ಚೇತಕ್ ಅನ್ನು ವಾಲಿಸಿ ಕಿಕ್ ಹೊಡೆದು ಬೆಳೆದ ನಮಗೆ ಅದೇನು ಹೊಸದಲ್ಲ, ಅಲ್ವಾ? ಆದರೆ ಪೂರ್ತಿ ಮಲಗಿಸಿದರೆ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ಸೋರುತ್ತದೆ. ಮಲಗಿಸಲೇಬೇಕಿದ್ದರೆ ಟ್ಯಾಂಕ್ ಖಾಲಿ ಮಾಡಿ, ಕೆಳಗೆ ಹಳೇ ಟೈರ್ ಹಾಕಿ, ಹತ್ತಿರ ಬೀಡಿ ಸಿಗರೇಟು ಯಾರೂ ಹಚ್ಚದ ಹಾಗೆ ನೋಡಿಕೊಳ್ಳಿ.

ಯಾವುದನ್ನೂ ಬಿಚ್ಚುವ ಮೊದಲು ಸೆಲೆಕ್ಟರ್ ಹತ್ತಿರ ಒಂದು ಫೋಟೋ, ಹ್ಯಾಂಡಲ್ ಒಳಗಿನ ಪುಲ್ಲಿಯದ್ದೊಂದು ಫೋಟೋ ತೆಗೆಯಿರಿ. ಒಂದು ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ. ಎರಡು ಕೇಬಲ್ ಅದಲುಬದಲಾದರೆ ಗೇರ್ ಉಲ್ಟಾ ಆಗುತ್ತದೆ. ಒಂದನೇ ಗೇರಿಗೆ ತಿರುಗಿಸಿದರೆ ಎರಡರ ಕಡೆಗೆ ಹೋಗುತ್ತದೆ.

ಮೇಲಿನ ಪುಲ್ಲಿಗೆ ಕೈ ಹೋಗಬೇಕಾದರೆ ಮಾಡೆಲ್ ನೋಡಿಕೊಂಡು ಹೆಡ್‌ಲೈಟ್ ಬಿಚ್ಚಬೇಕು ಅಥವಾ ಹ್ಯಾಂಡಲ್ ಹೆಡ್‌ನ ಮೇಲ್ಮುಚ್ಚಳ ತೆಗೆಯಬೇಕು. ಮುಚ್ಚಳ ತೆಗೆಯುವುದಾದರೆ ಸ್ಪೀಡೋಮೀಟರ್ ಕೇಬಲ್ ಮೊದಲು ಬಿಚ್ಚಿ, ಇಲ್ಲದಿದ್ದರೆ ಎಳೆದು ಹಾಳಾಗುತ್ತದೆ. ಒಳಗೆ ಹಳೇ ವೈರಿಂಗ್ ಒಣಗಿ ಪುಡಿಪುಡಿಯಾಗುವ ಹಾಗಿರುತ್ತದೆ. ಬೆರಳಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ.

ಇನ್ನರ್‌ನ ಗುಂಡು ತಲೆ ಪುಲ್ಲಿಯ ತೂತಿನಲ್ಲಿ ಕೂತಿರುತ್ತದೆ. ಅಂದರೆ ತಂತಿ ಹೊರಬರುವುದು ಮೇಲಿನಿಂದ, ಹೊಸದು ಒಳಹೋಗುವುದೂ ಮೇಲಿನಿಂದ. ಎಳೆಯುವ ಮೊದಲು ಕೆಳತುದಿಯ ಅರಳಿದ ಭಾಗವನ್ನು ಕಟರ್‌ನಿಂದ ನೀಟಾಗಿ ಕತ್ತರಿಸಿ. ಆ ಅರಳಿದ ಎಳೆಗಳೇ ಔಟರ್ ಒಳಗೆ ಕೊಕ್ಕೆಯಾಗಿ ಸಿಕ್ಕಿಹಾಕಿಕೊಳ್ಳುವುದು. ಬೆರಳಿಗೂ ಸೂಜಿಯ ಹಾಗೆ ಚುಚ್ಚುತ್ತವೆ, ಗ್ಲೌಸ್ ಇದ್ದರೆ ಹಾಕಿಕೊಳ್ಳಿ.

ಜಾಮ್ ಆದ ಕೇಬಲ್ ಉಳಿಸಬಹುದೇ?

ಒಂದು ಕೂದಲೆಳೆಯಷ್ಟು ಅಲುಗಾಡಿದರೂ ಉಳಿಸುವ ಸಾಧ್ಯತೆ ಇದೆ. ಮೇಲಿನ ತುದಿಯಲ್ಲಿ ಔಟರ್ ಬಾಯಿಗೆ ಸಣ್ಣ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಕೊಳವೆಯ ಹಾಗೆ ಸುತ್ತಿ ಟೇಪ್ ಹಾಕಿ. ಅದರೊಳಗೆ ಡೀಸೆಲ್ ಮತ್ತು ತೆಳು ಎಣ್ಣೆ ಬೆರೆಸಿ ಸ್ವಲ್ಪ ಹುಯ್ಯಿರಿ. ತುಕ್ಕು ಸಡಿಲಿಸುವ ಸ್ಪ್ರೇ ಇದ್ದರೆ ಅದೂ ಆಗುತ್ತದೆ. ಕೆಳಗೊಂದು ಡಬ್ಬಿ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಪ್ಲೇಯರ್ ಹಿಡಿದು ಎಳೆದಾಡಿ. ಕೆಳಗೆ ತೊಟ್ಟಿಕ್ಕುವ ಎಣ್ಣೆ ಮೊದಲು ಕೆಂಪಗೆ, ಆಮೇಲೆ ಕಪ್ಪಗೆ, ಕೊನೆಗೆ ಹಾಕಿದ ಬಣ್ಣದಲ್ಲೇ ಬಂದರೆ ಔಟರ್ ಒಳಗೆ ದಾರಿ ಆಗಿದೆ.

ಬೆಂಕಿ ತೋರಿಸಿ ಬಿಸಿ ಮಾಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇದೆ, ಔಟರ್‌ನ ಪ್ಲಾಸ್ಟಿಕ್ ಕೂಡ ಕರಗುತ್ತದೆ.

ಹೀಗೆ ಬಿಡಿಸಿದ ಇನ್ನರ್ ಅನ್ನು ಮಾತ್ರ ಮತ್ತೆ ಬಳಸಬೇಡಿ ಎಂಬುದು ನನ್ನ ಸಲಹೆ. ಒಂದೆರಡು ಎಳೆ ಒಳಗೇ ತುಂಡಾಗಿರುತ್ತದೆ. ಔಟರ್ ಉಳಿಸಿಕೊಂಡು ಇನ್ನರ್ ಹೊಸದು ಹಾಕಿ. ಔಟರ್ ಯಾವಾಗ ಬೇಡ? ಹೊರಗಿನ ಪ್ಲಾಸ್ಟಿಕ್ ಒಡೆದು ಒಳಗಿನ ಸ್ಪ್ರಿಂಗ್ ಕಾಣುತ್ತಿದ್ದರೆ, ಎಲ್ಲಾದರೂ ಮಡಚಿದ ಗುರುತಿದ್ದರೆ, ಹೊಸ ಇನ್ನರ್ ಹಾಕಿದ ಮೇಲೂ ಅದು ಒಂದೇ ಜಾಗದಲ್ಲಿ ತಡೆದು ನಿಲ್ಲುತ್ತಿದ್ದರೆ ಬದಲಿಸಲೇಬೇಕು.

ಇನ್ನರ್ ಮಾತ್ರ ಬದಲಿಸುವುದು

ಹೊಸ ತಂತಿಯ ತುದಿಗೆ ಸ್ವಲ್ಪ ಬೆಸುಗೆ ಹಾಕಿದರೆ ಒಳ್ಳೆಯದು. ಸೋಲ್ಡರಿಂಗ್ ಐರನ್ ಇಲ್ಲವೇ? ತುದಿಗೆ ಒಂದು ಹನಿ ಸೂಪರ್ ಗ್ಲೂ ಹಾಕಿ ಒಣಗಿಸಿ, ಎಳೆಗಳು ಬಿಚ್ಚಿಕೊಳ್ಳುವುದಿಲ್ಲ. ಮೇಲಿನಿಂದ ತೂರಿಸುತ್ತಾ ಹೋಗಿ. ಲೈನಿಂಗ್ ಇಲ್ಲದ ಔಟರ್ ಆದರೆ ಬೆರಳಲ್ಲಿ ಗ್ರೀಸ್ ಹಿಡಿದು ತಂತಿಯನ್ನು ಅದರ ಮಧ್ಯೆ ಜಾರಿಸಿಕೊಂಡೇ ಒಳಗೆ ಬಿಡಿ. ತಡೆದರೆ ನೂಕಬೇಡಿ. ಸ್ವಲ್ಪ ಹಿಂದಕ್ಕೆ ತೆಗೆದು, ತಂತಿ ಸುತ್ತಿರುವ ದಿಕ್ಕಿಗೇ ತಿರುಗಿಸುತ್ತಾ ಮುಂದೆ ತಳ್ಳಿ. ಉಲ್ಟಾ ತಿರುಗಿಸಿದರೆ ಎಳೆ ಬಿಚ್ಚಿಕೊಳ್ಳುತ್ತದೆ.

ಗುಂಡು ತಲೆಯನ್ನು ಪುಲ್ಲಿಯಲ್ಲಿ ಕೂರಿಸಿದ ಮೇಲೆ ಇನ್ನೊಬ್ಬರು ಕೆಳಗಿನಿಂದ ತಂತಿಯನ್ನು ಹಗುರಾಗಿ ಎಳೆದು ಹಿಡಿದಿರಲಿ. ಇಲ್ಲದಿದ್ದರೆ ನೀವು ಎರಡನೆಯದನ್ನು ಕೂರಿಸುವಷ್ಟರಲ್ಲಿ ಮೊದಲನೆಯದು ತೂತಿನಿಂದ ಜಾರಿರುತ್ತದೆ. ಇದು ಸಹನೆ ಬೇಡುವ ಜಾಗ.

ಹೇಗೂ ಬಿಚ್ಚಿದ್ದೀರಿ, ಹಿಡಿಯ ಪೈಪನ್ನೂ ಈಗಲೇ ನೋಡಿಬಿಡಿ. ಪುಲ್ಲಿಯನ್ನು ಪೈಪಿಗೆ ಸೇರಿಸಿರುವ ಪಿನ್ ತೆಗೆದರೆ ಪೈಪು ಹೊರಗೆ ಬರುತ್ತದೆ. ಜೊತೆಗೆ ವಾಷರ್‌ಗಳೂ ಬರುತ್ತವೆ. ಬಂದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಜೋಡಿಸಿಡಿ. ಪೈಪಿನ ತುಕ್ಕನ್ನು ಎಮರಿ ಪೇಪರ್‌ನಿಂದ ತಿಕ್ಕಿ, ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ ವಾಪಸ್ ಹಾಕಿ. ಕೇಬಲ್ ಬದಲಿಸಿದ ಮೇಲೆ "ಗೇರ್ ಬೆಣ್ಣೆ ಥರ ಆಯ್ತು" ಎನ್ನುವ ಹೊಗಳಿಕೆಯಲ್ಲಿ ಅರ್ಧ ಪಾಲು ಈ ಗ್ರೀಸಿಗೆ ಸೇರಬೇಕು.

ಔಟರ್ ಬದಲಿಸುವುದು

ಇಲ್ಲಿ ಒಂದೇ ನಿಯಮ: ಹೊಸದಕ್ಕೆ ದಾರಿ ಮಾಡಿಕೊಳ್ಳದೆ ಹಳೆಯದನ್ನು ಹೊರಗೆ ಎಳೆಯಬೇಡಿ. ಬಾಡಿಯ ಹೊಟ್ಟೆಯೊಳಗೆ ಏನೂ ಕಾಣುವುದಿಲ್ಲ. ಹಳೇ ಔಟರ್ ಸುಮ್ನೆ ಎಳೆದು ಬಿಸಾಡಿದರೆ, ಹೊಸದನ್ನು ತೂರಿಸಲು ಅರ್ಧ ದಿನ ಬೇಕು.

ಒಂದು ಉದ್ದನೆಯ ಇನ್ನರ್ ತಂತಿಯನ್ನು ಹೊಸ ಔಟರ್ ಮತ್ತು ಹಳೇ ಔಟರ್ ಎರಡರ ಒಳಗೂ ಹಾಯಿಸಿ, ಎರಡರ ತುದಿಗಳನ್ನೂ ಮುಖಾಮುಖಿ ತಾಗಿಸಿ. ಆ ಸಂದಿಗೆ ಇನ್ಸುಲೇಷನ್ ಟೇಪ್ ಅನ್ನು ಬಿಗಿಯಾಗಿ, ದಪ್ಪವಾಗದ ಹಾಗೆ ಸುತ್ತಿ. ಟೇಪ್ ಮೇಲೆ ಸ್ವಲ್ಪ ಗ್ರೀಸ್ ಸವರಿ. ಒಬ್ಬರು ಹ್ಯಾಂಡಲ್ ಕಡೆಯಿಂದ ಹೊಸದನ್ನು ತಳ್ಳಬೇಕು, ಇನ್ನೊಬ್ಬರು ಕೆಳಗಿನಿಂದ ಹಳೆಯದನ್ನು ಎಳೆಯಬೇಕು. ಇಬ್ಬರೂ ಮಾತಾಡಿಕೊಂಡೇ ಮಾಡಬೇಕು. "ಎಳಿ", "ನಿಲ್ಸು", "ಸ್ವಲ್ಪ ಬಿಡು" ಇಷ್ಟೇ ಸಾಕು. ಹಳೇ ಔಟರ್ ಒಳಗೆ ತಂತಿಯೇ ಹೋಗದಷ್ಟು ತುಕ್ಕು ಇದ್ದರೆ, ಹಳೇ ಔಟರ್ ತುದಿಗೆ ಗಟ್ಟಿಯಾದ ತೆಳು ತಂತಿಯನ್ನು ಕಟ್ಟಿ ಟೇಪ್ ಹಾಕಿ. ಹಳೆಯದನ್ನು ಎಳೆದಾಗ ಆ ತಂತಿ ಒಳಗೆ ಉಳಿಯುತ್ತದೆ, ಅದರ ಸಹಾಯದಿಂದ ಹೊಸದನ್ನು ಎಳೆದುಕೊಳ್ಳಬಹುದು.

ಅದೇ ದಾರಿಯಲ್ಲಿ ಕ್ಲಚ್ ಕೇಬಲ್, ಲೈಟಿನ ವೈರಿಂಗ್ ಕೂಡ ಇರುತ್ತವೆ. ಸಿಕ್ಕಿಕೊಂಡಿತು ಎಂದು ಜೋರಾಗಿ ಎಳೆದರೆ ವೈರಿಂಗ್ ಕಿತ್ತು ಬಂದೀತು. ಎರಡು ಗೇರ್ ಔಟರ್‌ಗಳನ್ನು ಒಟ್ಟಿಗೆ ಎಳೆಯಬೇಡಿ, ಒಂದು ಮುಗಿಸಿ ಇನ್ನೊಂದು ಹಿಡಿಯಿರಿ.

ಹೊಸ ಔಟರ್ ಉದ್ದವನ್ನು ಹಳೆಯದರ ಪಕ್ಕ ನೆಲದ ಮೇಲೆ ಚಾಚಿ ಅಳೆಯಿರಿ. ಗಿಡ್ಡವಾದರೆ ಹ್ಯಾಂಡಲ್ ತಿರುಗಿಸಿದಾಗ ಎಳೆಯುತ್ತದೆ, ಉದ್ದವಾದರೆ ಅಡ್ಡಾದಿಡ್ಡಿ ಬಾಗಿ ತಿರುವು ಬಿಗಿಯಾಗುತ್ತದೆ. ಕತ್ತರಿಸಿದ ಮೇಲೆ ತುದಿ ಓರೆಯಾಗಿರಬಾರದು. ಒಳಗಿನ ಲೈನಿಂಗ್ ಮುಚ್ಚಿಕೊಂಡಿದ್ದರೆ ಮೊಳೆಯಿಂದ ಬಾಯಿ ಬಿಡಿಸಿ. ತುದಿಗೆ ಕ್ಯಾಪ್ ಹಾಕಲು ಮರೆಯಬೇಡಿ. ಕ್ಯಾಪ್ ಇಲ್ಲದ ಔಟರ್ ನಿಧಾನಕ್ಕೆ ಅಡ್ಜಸ್ಟರ್ (ಕೇಬಲ್‌ನ ಸಡಿಲ ತೆಗೆಯುವ ಸ್ಕ್ರೂ) ಒಳಗೆ ಇಳಿಯುತ್ತಾ ಹೋಗುತ್ತದೆ, ನೀವು ಎಷ್ಟು ಸಲ ಸೆಟ್ ಮಾಡಿದರೂ ಮತ್ತೆ ಸಡಿಲ.

ಸೆಟ್ಟಿಂಗ್

ಮೊದಲು ಇಂಜಿನ್ ಬದಿಯ ಎರಡೂ ಅಡ್ಜಸ್ಟರ್‌ಗಳನ್ನು ಬಹುತೇಕ ಪೂರ್ತಿ ಒಳಗೆ ತಿರುಗಿಸಿಡಿ. ಆಮೇಲೆ ಸಡಿಲ ತೆಗೆಯಲು ಜಾಗ ಬೇಕಲ್ಲ, ಅದಕ್ಕೆ.

ಹಿಡಿಯನ್ನು ನ್ಯೂಟ್ರಲ್ ಗುರುತಿಗೆ ತನ್ನಿ. ಇದರಲ್ಲಿ ನ್ಯೂಟ್ರಲ್ ಇರುವುದು ಒಂದು ಮತ್ತು ಎರಡರ ಮಧ್ಯೆ. ಕ್ಲಚ್ ಲಿವರ್ ಮೇಲಕ್ಕೆ ಹೋದರೆ ಒಂದನೇ ಗೇರ್, ಕೆಳಕ್ಕೆ ಇಳಿಯುತ್ತಾ ಹೋದರೆ ಎರಡು, ಮೂರು, ನಾಲ್ಕು. ಸೆಲೆಕ್ಟರ್ ತೋಳನ್ನೂ ಕೈಯಿಂದಲೇ ನ್ಯೂಟ್ರಲ್‌ಗೆ ತನ್ನಿ. ಖಾತ್ರಿ ಮಾಡಿಕೊಳ್ಳುವುದು ಸುಲಭ: ಕ್ಲಚ್ ಹಿಡಿಯದೆ ಹಿಂದಿನ ಚಕ್ರ ಕೈಯಿಂದ ಸಲೀಸಾಗಿ ತಿರುಗಬೇಕು. ಹಿಡಿ ಅಲುಗದ ಹಾಗೆ ಇನ್ನೊಬ್ಬರು ಹಿಡಿದಿರಲಿ, ಅಥವಾ ಟೇಪ್ ಸುತ್ತಿ.

ಈಗ ತಂತಿಯನ್ನು ನಿಪ್ಪಲ್ ಒಳಗೆ ಹಾಯಿಸಿ, ಪ್ಲೇಯರ್‌ನಿಂದ ಎಳೆದು ಸಡಿಲ ತೆಗೆದು ಬೋಲ್ಟ್ ಬಿಗಿ ಮಾಡಿ. ಇಲ್ಲಿ ಎರಡು ಸ್ಪ್ಯಾನರ್ ಬೇಕು, ಒಂದು ನಿಪ್ಪಲ್ ಹಿಡಿಯಲು, ಇನ್ನೊಂದು ಬೋಲ್ಟ್ ತಿರುಗಿಸಲು. ಒಂದರಿಂದಲೇ ಬಿಗಿ ಮಾಡಿದರೆ ನಿಪ್ಪಲ್ ತಂತಿಯ ಸಮೇತ ತಿರುಗಿ ಎಳೆಗಳು ಮುರಿಯುತ್ತವೆ. ಅತಿಯಾಗಿ ಬಿಗಿದರೂ ಬೋಲ್ಟ್ ತಂತಿಯನ್ನೇ ಕತ್ತರಿಸುತ್ತದೆ. ತಂತಿ ಚಪ್ಪಟೆಯಾಗಲು ಶುರುವಾಯಿತು ಎಂದರೆ ನಿಲ್ಲಿಸಿ. ಎರಡನೇ ಕೇಬಲ್‌ಗೂ ಹೀಗೇ ಮಾಡಿ. ಉಳಿದ ತಂತಿಯನ್ನು ಈಗಲೇ ಕತ್ತರಿಸಬೇಡಿ.

ಉಳಿದ ಸಡಿಲವನ್ನು ಅಡ್ಜಸ್ಟರ್‌ಗಳಿಂದ ತೆಗೆಯಿರಿ. ಎರಡನ್ನೂ ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದರಂತೆ ಹೊರಗೆ ತಿರುಗಿಸಿ. ಒಂದನ್ನೇ ತಿರುಗಿಸಿದರೆ ಹಿಡಿಯ ಗುರುತು ಒಂದು ಕಡೆಗೆ ಸರಿಯುತ್ತದೆ. ಆ ಗುಣವನ್ನೇ ಬಳಸಿಕೊಂಡು ನ್ಯೂಟ್ರಲ್ ಗುರುತನ್ನು ಸರಿಯಾಗಿ ಕೂರಿಸಬಹುದು. ಹಿಡಿಯನ್ನು ಎರಡೂ ಕಡೆ ಅಲುಗಿಸಿದಾಗ ಸಮನಾದ, ತೀರಾ ಸ್ವಲ್ಪ ಆಟ ಇರಬೇಕು. ವೀಣೆಯ ತಂತಿ ಹಾಗೆ ಬಿಗಿದು ಕೂತರೆ ತಿರುವು ಭಾರವಾಗುತ್ತದೆ, ಕೇಬಲ್ ಬೇಗ ಸವೆಯುತ್ತದೆ. ಸರಿ ಅನಿಸಿದ ಮೇಲೆ ಲಾಕ್ ನಟ್ ಬಿಗಿ ಮಾಡಿ.

ಪರೀಕ್ಷೆ

ಇನ್ನೂ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಚಕ್ರ ತಿರುಗಿಸುತ್ತಾ ನಾಲ್ಕೂ ಗೇರ್ ಹಾಕಿ ನೋಡಿ. ಪ್ರತಿ ಗೇರ್ ಬಿದ್ದಾಗಲೂ ಹಿಡಿಯ ಮೇಲಿನ ಅಂಕಿ ಗುರುತಿಗೆ ಎದುರು ಬರುತ್ತಿದೆಯೇ ಗಮನಿಸಿ. ಒಂದು ಸರಿ, ನಾಲ್ಕಕ್ಕೆ ಮಾತ್ರ ತಲುಪುತ್ತಿಲ್ಲ ಎಂದರೆ ಆ ಕಡೆ ಎಳೆಯುವ ಕೇಬಲ್ ಇನ್ನೂ ಸಡಿಲ ಇದೆ.

ನ್ಯೂಟ್ರಲ್‌ನಲ್ಲಿ ಹ್ಯಾಂಡಲ್ ಅನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಕೆಳಗೆ ಸೆಲೆಕ್ಟರ್ ತೋಳು ಅಲುಗಬಾರದು. ಅಲುಗಿದರೆ ಔಟರ್ ಎಲ್ಲೋ ಗಿಡ್ಡವಾಗಿದೆ ಅಥವಾ ಸಿಕ್ಕಿಕೊಂಡಿದೆ. ಆಮೇಲೆ ಗಾಡಿಯನ್ನು ಸ್ಟಾಂಡಿನಿಂದ ಇಳಿಸಿ, ಯಾರಾದರೂ ತೂಕದವರು ಹಿಂದೆ ಕೂತು ಮೇಲೆ ಕೆಳಗೆ ಕುಲುಕಲಿ. ಆಗಲೂ ತೋಳು ಅಲುಗಬಾರದು. ಈ ಎರಡನೇ ಪರೀಕ್ಷೆಯನ್ನು ಗ್ಯಾರೇಜುಗಳಲ್ಲಿ ಮಾಡುವುದು ಕಡಿಮೆ. ಡಬಲ್ಸ್ ಹೋದಾಗ ಮಾತ್ರ ಗೇರ್ ಹಾರುತ್ತದೆ ಎಂಬ ದೂರಿನ ಮೂಲ ಎಷ್ಟೋ ಸಲ ಇಲ್ಲಿರುತ್ತದೆ.

ಎಲ್ಲ ಸರಿಯಾದ ಮೇಲೆ ತಂತಿಯ ತುದಿಯನ್ನು ಮೂರ್ನಾಲ್ಕು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ತುದಿಗೆ ಬೆಸುಗೆ ಹಾಕಿ. ಸೆಲೆಕ್ಟರ್ ಮೇಲೆ ಗ್ರೀಸ್ ಸವರಿ, ಮುಚ್ಚಳ ಹಾಕಿ. ಮುಚ್ಚಳ ಇಲ್ಲವೇ? ಹೊಸದು ತನ್ನಿ, ಅಲ್ಲಿಯವರೆಗೆ ದಪ್ಪ ರಬ್ಬರ್ ಹಾಳೆ ಕತ್ತರಿಸಿ ಕಟ್ಟಿದರೂ ನಡೆಯುತ್ತದೆ. ಸೆಲೆಕ್ಟರ್ ಬಾಕ್ಸನ್ನೇ ಇಂಜಿನ್‌ನಿಂದ ಬಿಚ್ಚುವ ಉಮೇದು ಬಂದರೆ, ಅದು ತಾನಾಗಿ ಬಿಗಿ ಇಲ್ಲದಿದ್ದರೆ ಬಿಚ್ಚಬೇಡಿ. ಹಿಂದೆ ಗ್ಯಾಸ್ಕೆಟ್ ಇದೆ, ಹರಿದರೆ ಆಯಿಲ್ ಸೋರುತ್ತದೆ.

ಹೊಸ ಕೇಬಲ್ ಮೊದಲ ವಾರ ಸ್ವಲ್ಪ ಹಿಗ್ಗುತ್ತದೆ. ದಿನಾ ಓಡಿಸುವವರು ಒಂದು ವಾರ ಬಿಟ್ಟು ಮತ್ತೆ ಅಡ್ಜಸ್ಟರ್ ನೋಡಿ. ಮಳೆಗಾಲ ಶುರುವಾಗುವ ಮುಂಚೆ ಮೇಲಿನ ತುದಿಗೆ ನಾಲ್ಕು ಹನಿ ಎಣ್ಣೆ ಬಿಡುವ ಅಭ್ಯಾಸ ಇಟ್ಟುಕೊಳ್ಳಿ.

ದಾರಿಯಲ್ಲಿ ಕಟ್ಟಾದರೆ

ಹಳೇ ಗಾಡಿ ಅಂದ ಮೇಲೆ ಇದೂ ಗೊತ್ತಿರಬೇಕು. ಒಂದು ಕೇಬಲ್ ಕಟ್ಟಾದರೆ ಗೇರ್ ಒಂದೇ ದಿಕ್ಕಿಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಇಂಜಿನ್ ಆಫ್ ಮಾಡಿ, ಗಾಡಿಯನ್ನು ಪಕ್ಕಕ್ಕೆ ತಂದು ಸೆಲೆಕ್ಟರ್ ಮುಚ್ಚಳ ತೆಗೆಯಿರಿ. ಉಳಿದ ಕೇಬಲ್ ಅಡ್ಡ ಬರುತ್ತಿದ್ದರೆ ಅದನ್ನೂ ಬಿಡಿಸಿ. ಚಕ್ರ ಅಲುಗಿಸುತ್ತಾ ತೋಳನ್ನು ಪ್ಲೇಯರ್‌ನಿಂದ ಎರಡನೇ ಗೇರಿಗೆ ತಳ್ಳಿ. ಅಲ್ಲಿ ಟಕ್ ಎಂದು ಕೂತ ಮೇಲೆ ಅದು ತಾನಾಗಿ ನಿಲ್ಲುತ್ತದೆ.

ಗೇರಿನಲ್ಲಿದ್ದಾಗ ಕ್ಲಚ್ ಹಿಡಿದು ಕಿಕ್ ಹೊಡೆದರೆ ಈ ಸ್ಕೂಟರ್ ಸ್ಟಾರ್ಟ್ ಆಗುವುದಿಲ್ಲ, ಕಿಕ್ಕರ್ ಕೆಲಸ ಮಾಡುವುದೇ ಕ್ಲಚ್ ಮೂಲಕ. ಕ್ಲಚ್ ಹಿಡಿದು ತಳ್ಳಿ, ವೇಗ ಬಂದ ಮೇಲೆ ಬಿಟ್ಟು ಸ್ಟಾರ್ಟ್ ಮಾಡಿ. ಎರಡನೇ ಗೇರ್‌ನಲ್ಲಿ ನಿಧಾನಕ್ಕೆ ಮನೆ ಸೇರಬಹುದು. ಸಿಗ್ನಲ್‌ನಲ್ಲಿ ಕ್ಲಚ್ ಹಿಡಿದೇ ನಿಲ್ಲಬೇಕು, ಹೊರಡುವಾಗ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಕೊ‌ಟ್ಟು ಕ್ಲಚ್ ಮೆಲ್ಲಗೆ ಬಿಡಬೇಕು. ಘಾಟಿ ಏರುವ ದಾರಿ ಇದ್ದರೆ ಈ ಸಾಹಸ ಬೇಡ, ಗೂಡ್ಸ್ ಆಟೋ ಕರೆಸಿ. ದೂರದ ಪ್ರಯಾಣಕ್ಕೆ ಹೊರಡುವವರು ಒಂದು ಗೇರ್ ಇನ್ನರ್, ಒಂದು ಕ್ಲಚ್ ಇನ್ನರ್, ಎರಡು ನಿಪ್ಪಲ್ ಮತ್ತು ಎರಡು ಸಣ್ಣ ಸ್ಪ್ಯಾನರ್ ಅನ್ನು ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಹಾಕಿಟ್ಟುಕೊಳ್ಳಿ.